ಮುಳುಗಿದ ದೇಶದ ಪರ ವಕಾಲತ್ತು: ಅಣಕು ನ್ಯಾಯಾಲಯದ ಪ್ರಶ್ನೆಗೆ ಹೇಗ್‌ನ ಉತ್ತರ

ಸಮುದ್ರದ ನಡುವೆ ಒಂದು ಪುಟ್ಟ ದ್ವೀಪರಾಷ್ಟ್ರ. ಹೆಸರು ಅಲ್ಫರ್ನಾ. ವರ್ಷದಿಂದ ವರ್ಷಕ್ಕೆ ಏರಿದ ಕಡಲು ಕೊನೆಗೆ ಅದರ ನೆಲವನ್ನು ನುಂಗಿಹಾಕುತ್ತದೆ. ಜನರು ದಿಕ್ಕಾಪಾಲಾಗುತ್ತಾರೆ. ಸರಕಾರ ಮಾತ್ರ ಪರದೇಶದಲ್ಲಿ ಕುಳಿತು ತಾನಿನ್ನೂ ಸರಕಾರವೇ ಎನ್ನುತ್ತದೆ. ಆಶ್ರಯ ಅರಸಿ ಬಂದ ಅಲ್ಫರ್ನಾದ ಪ್ರಜೆಗಳನ್ನು ನೆರೆಯ ರುಟೇಸಿಯಾ ದೇಶ ಬಂಧನ ಕೇಂದ್ರದಲ್ಲಿ ಇರಿಸುತ್ತದೆ. ತನ್ನ ಬ್ಯಾಂಕಿನಲ್ಲಿದ್ದ ಅಲ್ಫರ್ನಾದ ಹಣವನ್ನೂ ತಡೆಹಿಡಿಯುತ್ತದೆ. ಕೇಳುವವರು ಯಾರು? ನೆಲವೇ ಇಲ್ಲದ ಮೇಲೆ ಅದು ದೇಶವೇ? ದೇಶವಲ್ಲದಿದ್ದರೆ ಅಂತಾರಾಷ್ಟ್ರೀಯ ನ್ಯಾಯಾಲಯದ ಮೆಟ್ಟಿಲೇರುವ ಹಕ್ಕಾದರೂ ಅದಕ್ಕೆ ಎಲ್ಲಿಯದು?

ಈ ಎರಡೂ ದೇಶಗಳನ್ನು ಭೂಪಟದಲ್ಲಿ ಹುಡುಕುವ ಶ್ರಮ ಬೇಡ. 2013ನೇ ಸಾಲಿನ ಫಿಲಿಪ್ ಸಿ. ಜೆಸಪ್ ಅಂತಾರಾಷ್ಟ್ರೀಯ ಕಾನೂನು ಅಣಕು ನ್ಯಾಯಾಲಯ ಸ್ಪರ್ಧೆಗೆಂದು ಕಲ್ಪಿಸಲಾದ ದೇಶಗಳಿವು. ಜಗತ್ತಿನ ನಾನಾ ಮೂಲೆಗಳ ಕಾನೂನು ವಿದ್ಯಾರ್ಥಿಗಳು ಈ ಕಲ್ಪಿತ ವ್ಯಾಜ್ಯವನ್ನು ತಿಂಗಳುಗಟ್ಟಲೆ ಓದಿ, ಬರೆದು, ವಾದಿಸಿದರು. ಆ ವರ್ಷ ಜೆಸಪ್ ಕಪ್ ಎತ್ತಿಹಿಡಿದದ್ದು ಬೆಂಗಳೂರಿನ ನಾಗರಬಾವಿಯಲ್ಲಿರುವ ನ್ಯಾಷನಲ್ ಲಾ ಸ್ಕೂಲ್. 1999ರಲ್ಲೂ ಅದೇ ಸಂಸ್ಥೆ ಈ ಪ್ರಶಸ್ತಿಯನ್ನು ಗೆದ್ದಿತ್ತು.

ಕಪ್ ಗೆದ್ದ ಸುದ್ದಿ ಪತ್ರಿಕೆಗಳಲ್ಲಿ ಬಂದು ಮರೆಯಾಯಿತು. ಪ್ರಶ್ನೆ ಮಾತ್ರ ಮರೆಯಾಗಲಿಲ್ಲ. ಹನ್ನೆರಡು ವರ್ಷಗಳ ಬಳಿಕ, 2025ರ ಜುಲೈ 23ರಂದು, ಹೇಗ್ ನಗರದ ನಿಜವಾದ ಅಂತಾರಾಷ್ಟ್ರೀಯ ನ್ಯಾಯಾಲಯವೇ ಅದಕ್ಕೆ ಉತ್ತರ ನೀಡಬೇಕಾಯಿತು. ಆ ಉತ್ತರ ಕೇಳಲು ಮೊದಲ ಹೆಜ್ಜೆ ಇಟ್ಟವರೂ ಕಾನೂನು ವಿದ್ಯಾರ್ಥಿಗಳೇ ಎಂಬುದು ಈ ಕಥೆಯ ಇನ್ನೊಂದು ವಿಶೇಷ.

ಏನಿದು ಜೆಸಪ್?

ಈ ಸ್ಪರ್ಧೆ ಆರಂಭವಾದದ್ದು 1960ರಲ್ಲಿ, ಅಮೆರಿಕದ ಹಾರ್ವರ್ಡ್ ಕಾನೂನು ಶಾಲೆಯಲ್ಲಿ. ಮೊದಲ ವರ್ಷ ಎದುರುಬದುರಾದದ್ದು ಅದೇ ಶಾಲೆಯ ಎರಡು ತಂಡಗಳು ಮಾತ್ರ. ಕ್ಯೂಬಾದ ಕ್ರಾಂತಿಕಾರಿ ಸರಕಾರ ಆಗಷ್ಟೇ ಕೈಗೊಂಡಿದ್ದ ಭೂಸುಧಾರಣೆಯನ್ನು ಆಧರಿಸಿ ವ್ಯಾಜ್ಯವನ್ನು ಹೆಣೆಯಲಾಗಿತ್ತು. ಅದನ್ನು ಹೆಣೆದ ಸ್ಟೀಫನ್ ಶ್ವೇಬೆಲ್ ಮುಂದೆ ಹೇಗ್ ನ್ಯಾಯಾಲಯದ ನ್ಯಾಯಮೂರ್ತಿಯಾಗಿ, 1997ರಿಂದ 2000ದವರೆಗೆ ಅದರ ಅಧ್ಯಕ್ಷರೂ ಆದರು. 1968ರಿಂದ ಅಮೆರಿಕದ ಹೊರಗಿನ ತಂಡಗಳಿಗೂ ಬಾಗಿಲು ತೆರೆಯಿತು. ಈಗ ಸುಮಾರು 100 ದೇಶಗಳ 600ಕ್ಕೂ ಹೆಚ್ಚು ಕಾನೂನು ಶಾಲೆಗಳು ಇದರಲ್ಲಿ ಪಾಲ್ಗೊಳ್ಳುತ್ತವೆ. ಆಯಾ ದೇಶದ ಸುತ್ತುಗಳಲ್ಲಿ ಗೆದ್ದವರು ವಾಷಿಂಗ್ಟನ್‌ನ ಅಂತಾರಾಷ್ಟ್ರೀಯ ಸುತ್ತಿಗೆ ಹೋಗುತ್ತಾರೆ.

ಸ್ಪರ್ಧೆಗೆ ಹೆಸರು ಕೊಟ್ಟ ಫಿಲಿಪ್ ಜೆಸಪ್ ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿದ್ದವರು. 1949ರಲ್ಲಿ ಬರ್ಲಿನ್ ದಿಗ್ಬಂಧನವನ್ನು ಕೊನೆಗಾಣಿಸಿದ ಮಾತುಕತೆಯಲ್ಲಿ ಅಮೆರಿಕದ ಪರವಾಗಿ ಕುಳಿತವರು. ಸೆನೆಟರ್ ಮೆಕಾರ್ಥಿ ಕಮ್ಯೂನಿಸ್ಟರ ಬೇಟೆಗೆ ಇಳಿದಾಗ ಇವರ ಮೇಲೂ ಕೆಸರು ಬಿದ್ದಿತು. 1961ರಿಂದ 1970ರವರೆಗೆ ಹೇಗ್‌ನಲ್ಲಿ ನ್ಯಾಯಮೂರ್ತಿಯಾಗಿದ್ದರು. ದಕ್ಷಿಣ ಆಫ್ರಿಕಾದ ವರ್ಣಭೇದ ಆಡಳಿತದ ಕೈಯಲ್ಲಿದ್ದ ನೈರುತ್ಯ ಆಫ್ರಿಕಾ, ಅಂದರೆ ಇಂದಿನ ನಮೀಬಿಯಾ, ಕುರಿತ ಮೊಕದ್ದಮೆಯನ್ನು 1966ರಲ್ಲಿ ನ್ಯಾಯಾಲಯ ತಳ್ಳಿಹಾಕಿದಾಗ ಜೆಸಪ್ ಸುದೀರ್ಘವಾದ ಭಿನ್ನಾಭಿಪ್ರಾಯ ಬರೆದರು. ಬಹುಮತದ ತೀರ್ಪಿಗಿಂತ ಆ ಭಿನ್ನಮತವನ್ನೇ ಹೆಚ್ಚು ಆಸಕ್ತಿಯಿಂದ ಓದುವವರಿದ್ದಾರೆ.

ಇಲ್ಲಿ ‘ಅಣಕು’ ಎಂಬ ಪದದ ಬಗ್ಗೆ ಒಂದು ಮಾತು. ಪ್ರತಿಭಟನೆಯ ಅಣಕು ಶವಯಾತ್ರೆ, ಅಗ್ನಿಶಾಮಕ ದಳದ ಅಣಕು ಕಾರ್ಯಾಚರಣೆ ಎಲ್ಲವೂ ಕನ್ನಡ ಪತ್ರಿಕೆಗಳಲ್ಲಿ ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ಪದದೊಳಗೆ ಗೇಲಿಯ ಛಾಯೆಯೂ ಇದೆ, ನಟನೆಯ ಛಾಯೆಯೂ ಇದೆ. ಕಾನೂನು ಶಾಲೆಯ ಅಣಕು ನ್ಯಾಯಾಲಯದಲ್ಲಿ ಇವೆರಡೂ ಇಲ್ಲ. ಕಕ್ಷಿದಾರರು ಮಾತ್ರ ಕಲ್ಪಿತರು. ಉಲ್ಲೇಖವಾಗುವ ಒಪ್ಪಂದಗಳು, ತೀರ್ಪುಗಳು, ತತ್ವಗಳು ಅಷ್ಟೂ ನೈಜ. ಪದ ಬಳಕೆಗೆ ಬಂದುಬಿಟ್ಟಿದೆ, ಬದಲಿಸುವುದು ಕಷ್ಟ.

ಆರು ತಿಂಗಳ ತಾಲೀಮು

ಸಾಮಾನ್ಯವಾಗಿ ಸೆಪ್ಟೆಂಬರ್ ತಿಂಗಳಲ್ಲಿ ವರ್ಷದ ವ್ಯಾಜ್ಯ ಪ್ರಕಟವಾಗುತ್ತದೆ. ಅದಕ್ಕೆ ‘ಕಾಂಪ್ರೊಮಿ’ ಎಂಬ ಫ್ರೆಂಚ್ ಹೆಸರು. ಎರಡು ದೇಶಗಳು ತಮ್ಮ ಜಗಳವನ್ನು ನ್ಯಾಯಾಲಯಕ್ಕೆ ಒಪ್ಪಿಸಲು ಮಾಡಿಕೊಳ್ಳುವ ವಿಶೇಷ ಒಪ್ಪಂದ ಎಂದು ಇದರ ಅರ್ಥ. ಹೇಗ್ ನ್ಯಾಯಾಲಯದಲ್ಲಿ ದೇಶಗಳಷ್ಟೇ ಕಕ್ಷಿದಾರರಾಗಬಲ್ಲವು, ಅದೂ ಅವುಗಳ ಸಮ್ಮತಿ ಇದ್ದರೆ ಮಾತ್ರ. ಒಪ್ಪಂದದಲ್ಲಿರುವ ಸಂಗತಿಗಳೆಲ್ಲ ಇಬ್ಬರೂ ಒಪ್ಪಿದಂಥವು. ಸಾಕ್ಷಿ ಇಲ್ಲ, ಪಾಟೀಸವಾಲು ಇಲ್ಲ. ಸಿನಿಮಾಗಳಲ್ಲಿ ಕಾಣುವ ಕೋರ್ಟಿನ ಅಬ್ಬರಕ್ಕೆ ಇಲ್ಲಿ ಅವಕಾಶವೇ ಇಲ್ಲ. ಉಳಿಯುವುದು ಕಾನೂನಿನ ಪ್ರಶ್ನೆಗಳು ಮಾತ್ರ.

ತಂಡದಲ್ಲಿ ಇಬ್ಬರಿಂದ ಐವರವರೆಗೆ ಇರಬಹುದು. ಪ್ರತಿ ತಂಡವೂ ಎರಡು ಲಿಖಿತ ವಾದಪತ್ರಗಳನ್ನು ಸಿದ್ಧಪಡಿಸಬೇಕು, ಒಂದು ಅರ್ಜಿದಾರ ದೇಶದ ಪರವಾಗಿ, ಇನ್ನೊಂದು ಪ್ರತಿವಾದಿ ದೇಶದ ಪರವಾಗಿ. ಅವುಗಳ ಮೇಲೆ ಕಾಲೇಜಿನ ಹೆಸರು ಕಾಣುವಂತಿಲ್ಲ, ಸಂಖ್ಯೆಯೊಂದೇ ಗುರುತು. ಪದಮಿತಿ ಮೀರಿದರೆ ಅಂಕ ಕಡಿತ. ಬೇರೆಡೆಯಿಂದ ನಕಲು ಮಾಡಿದ್ದು ಕಂಡುಬಂದರೆ ಶಿಕ್ಷೆ ಇನ್ನೂ ಕಠಿಣ. ತರಬೇತುದಾರರು ಹೊರಗಿನಿಂದ ದಾರಿ ತೋರಬಹುದೇ ಹೊರತು ಲೇಖನಿ ಹಿಡಿಯುವಂತಿಲ್ಲ. ವಾದಸ್ಪರ್ಧೆಯೆಂದರೆ ಮಾತಿನ ಮಲ್ಲರ ಕಾಳಗ ಎಂದು ಭಾವಿಸುವವರು ಗಮನಿಸಬೇಕಾದ ಅಂಶವೊಂದಿದೆ. ಪ್ರಾಥಮಿಕ ಸುತ್ತುಗಳ ಅಂಕಗಳಲ್ಲಿ ಮೂರನೇ ಒಂದು ಭಾಗ ಈ ಲಿಖಿತ ವಾದಕ್ಕೇ ಸಲ್ಲುತ್ತದೆ. ಗ್ರಂಥಾಲಯದಲ್ಲಿ ಕುಳಿತು ಅಡಿಟಿಪ್ಪಣಿ ತಿದ್ದುವವನು ವೇದಿಕೆ ಏರದಿದ್ದರೂ ತಂಡವನ್ನು ಗೆಲ್ಲಿಸಬಲ್ಲ.

ಮೌಖಿಕ ವಾದಕ್ಕೆ ಪ್ರತಿ ಪಕ್ಷಕ್ಕೆ 45 ನಿಮಿಷ. ಇಬ್ಬರು ವಾದಿಸುತ್ತಾರೆ. ಎದುರಿಗೆ ಮೂವರ ಪೀಠ. ನ್ಯಾಯಾಧೀಶರಾಗಿ ಕೂರುವವರು ವಕೀಲರು, ಪ್ರಾಧ್ಯಾಪಕರು, ರಾಜತಾಂತ್ರಿಕರು. ಅಂತಿಮ ಸುತ್ತಿನ ಪೀಠದಲ್ಲಿ ಹೇಗ್ ನ್ಯಾಯಾಲಯದ ನ್ಯಾಯಮೂರ್ತಿಗಳೇ ಆಸೀನರಾಗುವುದೂ ಉಂಟು. ‘ಯುವರ್ ಎಕ್ಸಲೆನ್ಸೀಸ್’ ಎಂದು ಸಂಬೋಧಿಸಿ ವಾದ ಆರಂಭಿಸಿದ ವಿದ್ಯಾರ್ಥಿ ಬಾಯಿಪಾಠ ಮಾಡಿ ತಂದದ್ದನ್ನು ಒಪ್ಪಿಸಿ ಮುಗಿಸುವ ಹಾಗಿಲ್ಲ. ಯಾವ ಕ್ಷಣದಲ್ಲಾದರೂ ಪ್ರಶ್ನೆ ಎರಗಬಹುದು. ಆ ತೀರ್ಪು ಯಾವ ವರ್ಷದ್ದು? ಅದರಲ್ಲಿ ನ್ಯಾಯಾಲಯ ಹೇಳಿದ್ದು ಹಾಗೆಯೇ? ಆ ಒಪ್ಪಂದಕ್ಕೆ ನಿಮ್ಮ ದೇಶ ಸಹಿ ಹಾಕಿದೆಯೇ? ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆಂದು ಗೌರವದಿಂದ ಒಪ್ಪಿ ಮುಂದುವರಿಯುವುದೂ ಒಂದು ವಿದ್ಯೆ. ಬೇಲಿಫ್ ಹಿಡಿದು ತೋರಿಸುವ ಚೀಟಿಯಲ್ಲಿ ಸಮಯ ಕರಗುತ್ತಿರುತ್ತದೆ. ಪಕ್ಕದ ಮೇಜಿನಲ್ಲಿ ಕುಳಿತ ಸಹಪಾಠಿಗಳು ತಮ್ಮತಮ್ಮಲ್ಲಿ ಚೀಟಿ ಬರೆದುಕೊಳ್ಳಬಹುದು, ನಿಂತವನಿಗೆ ದಾಟಿಸುವಂತಿಲ್ಲ.

ಸ್ಪರ್ಧೆಯ ಹೃದಯವಿರುವುದು ಇನ್ನೊಂದು ನಿಯಮದಲ್ಲಿ. ಪ್ರಾಥಮಿಕ ಹಂತದ ನಾಲ್ಕು ಪಂದ್ಯಗಳಲ್ಲಿ ಎರಡರಲ್ಲಿ ಅರ್ಜಿದಾರ, ಎರಡರಲ್ಲಿ ಪ್ರತಿವಾದಿ. ಬೆಳಿಗ್ಗೆ ಮುಳುಗಿದ ದೇಶದ ಪರ ಕಣ್ಣೀರು ಬರುವಂತೆ ವಾದಿಸಿದ ತಂಡ ಸಂಜೆ ಅದರ ಹಣ ತಡೆಹಿಡಿದ ದೇಶದ ಪರ ಅಷ್ಟೇ ನಿಷ್ಠೆಯಿಂದ ನಿಲ್ಲಬೇಕು. ಇದು ಆತ್ಮಸಾಕ್ಷಿಯನ್ನು ಒತ್ತೆಯಿಡುವ ಕಲೆ ಎಂದು ಟೀಕಿಸುವವರಿದ್ದಾರೆ. ಆದರೆ ಎದುರಾಳಿಯ ವಾದವನ್ನು ಅವನಿಗಿಂತ ಚೆನ್ನಾಗಿ ಮುಂದಿಡದೆ ಸಿದ್ಧಾಂತ ಸ್ಥಾಪಿಸುವಂತಿಲ್ಲ ಎಂಬ ಪೂರ್ವಪಕ್ಷದ ಶಿಸ್ತು ಭಾರತೀಯ ಶಾಸ್ತ್ರ ಪರಂಪರೆಗೆ ಹೊಸದೇನಲ್ಲ. ಅಲ್ಫರ್ನಾದ ವ್ಯಾಜ್ಯ ಈ ಶಿಸ್ತಿಗೆ ಒಡ್ಡಿದ ಪರೀಕ್ಷೆ ಎಂಥದೆಂದು ನೋಡಬಹುದು.

ಎರಡೂ ಕಡೆಯ ವಾದ

ದೇಶವೆಂದರೆ ಏನು ಎಂಬುದಕ್ಕೆ ಕಾನೂನು ಪುಸ್ತಕಗಳು ಮೊದಲು ತೋರಿಸುವುದು 1933ರ ಮಾಂಟೆವಿಡಿಯೊ ಒಡಂಬಡಿಕೆಯನ್ನು. ಶಾಶ್ವತ ಜನಸಮುದಾಯ, ನಿರ್ದಿಷ್ಟ ಭೂಪ್ರದೇಶ, ಸರಕಾರ ಮತ್ತು ಇತರ ದೇಶಗಳೊಂದಿಗೆ ವ್ಯವಹರಿಸುವ ಸಾಮರ್ಥ್ಯ, ಈ ನಾಲ್ಕು ಇರಬೇಕು. ಪ್ರತಿವಾದಿ ರುಟೇಸಿಯಾದ ಕೆಲಸ ಮೇಲ್ನೋಟಕ್ಕೆ ಸುಲಭ. ನಾಲ್ಕರಲ್ಲಿ ಒಂದು ಸಂಪೂರ್ಣ ಅಳಿದಿದೆ, ಇನ್ನೊಂದು ಚದುರಿಹೋಗಿದೆ. ಅಲ್ಫರ್ನಾ ದೇಶವಲ್ಲ, ಆದ್ದರಿಂದ ನ್ಯಾಯಾಲಯಕ್ಕೆ ಅಧಿಕಾರವ್ಯಾಪ್ತಿಯೇ ಇಲ್ಲ, ವಲಸಿಗರ ಪ್ರಶ್ನೆಯನ್ನಾಗಲಿ ಹಣದ ಪ್ರಶ್ನೆಯನ್ನಾಗಲಿ ವಿಚಾರಿಸುವ ಅಗತ್ಯವೇ ಬೀಳದು.

ಅರ್ಜಿದಾರರ ಉತ್ತರ ಇಷ್ಟು ನೇರವಲ್ಲ. ಮಾಂಟೆವಿಡಿಯೊ ಮಾನದಂಡ ದೇಶ ಹುಟ್ಟುವುದಕ್ಕೆ ಬೇಕಾದದ್ದು, ಉಳಿಯುವುದಕ್ಕಲ್ಲ ಎಂದು ಅವರು ವಾದಿಸಬೇಕು. ಎರಡನೇ ಮಹಾಯುದ್ಧದಲ್ಲಿ ನಾಜಿಗಳು ಪೋಲೆಂಡನ್ನು ಆಕ್ರಮಿಸಿದಾಗ ಆ ದೇಶದ ಸರಕಾರ ಲಂಡನ್ನಿನಲ್ಲಿ ಕುಳಿತಿತ್ತು. ಪೋಲೆಂಡ್ ಇಲ್ಲವಾಯಿತೆಂದು ಮಿತ್ರರಾಷ್ಟ್ರಗಳು ಹೇಳಲಿಲ್ಲ. ಸೊಮಾಲಿಯಾದಲ್ಲಿ 1991ರ ನಂತರ ವರ್ಷಗಟ್ಟಲೆ ಸರಕಾರವೆಂಬುದೇ ಇರಲಿಲ್ಲ. ವಿಶ್ವಸಂಸ್ಥೆಯಲ್ಲಿ ಅದರ ಸದಸ್ಯತ್ವ ಅಳಿಯಲಿಲ್ಲ. ಅದಕ್ಕೆ ಪ್ರತಿವಾದಿಯ ಮರುಮಾತು ಸಿದ್ಧವಿರುತ್ತದೆ. ಆಕ್ರಮಿತ ನೆಲ ಎಂದಾದರೂ ಮರಳಿ ಸಿಗಬಹುದು, ಪೋಲೆಂಡಿಗೆ ಸಿಕ್ಕಿತು ಕೂಡ. ಕಡಲು ನುಂಗಿದ ನೆಲ ಮರಳುವುದೆಂತು?

ಕನ್ನಡಿಗರಿಗೆ ಮುಳುಗಡೆ ಎಂಬ ಪದ ಅಪರಿಚಿತವಲ್ಲ. ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಶರಾವತಿ ಕಣಿವೆಯ ಹಳ್ಳಿಗಳು, ಆಲಮಟ್ಟಿಯ ಹಿನ್ನೀರಿನಲ್ಲಿ ಹಳೆಯ ಬಾಗಲಕೋಟೆಯ ಭಾಗಗಳು ಮುಳುಗಿವೆ. ಸಂತ್ರಸ್ತರ ಗೋಳು ಇನ್ನೂ ತೀರಿಲ್ಲ. ಆದರೂ ಅವರಿಗೆ ಅರ್ಜಿ ಕೊಡಲು ಒಂದು ಸರಕಾರವಿತ್ತು, ಮೆಟ್ಟಿಲೇರಲು ಒಂದು ಹೈಕೋರ್ಟ್ ಇತ್ತು. ದೇಶಕ್ಕೆ ದೇಶವೇ ಮುಳುಗಿದರೆ ಅದರ ಜನ ಯಾರ ಕಚೇರಿಯ ಮುಂದೆ ನಿಲ್ಲಬೇಕು ಎಂಬುದೇ ಅಲ್ಫರ್ನಾ ಪ್ರಕರಣದ ಬಿಕ್ಕಟ್ಟು.

1951ರ ನಿರಾಶ್ರಿತರ ಒಡಂಬಡಿಕೆಯಿಂದಲೂ ಅವರಿಗೆ ಹೆಚ್ಚಿನ ಆಸರೆಯಿಲ್ಲ. ಜನಾಂಗ, ಧರ್ಮ, ರಾಷ್ಟ್ರೀಯತೆ, ನಿರ್ದಿಷ್ಟ ಸಾಮಾಜಿಕ ಗುಂಪಿನ ಸದಸ್ಯತ್ವ, ರಾಜಕೀಯ ಅಭಿಪ್ರಾಯ ಈ ಐದು ಕಾರಣಗಳಿಗೆ ಕಿರುಕುಳದ ಭಯವಿರುವವರನ್ನು ಮಾತ್ರ ಅದು ನಿರಾಶ್ರಿತರೆನ್ನುತ್ತದೆ. ಸಮುದ್ರ ಯಾರ ಜಾತಿಯನ್ನೂ ಕೇಳಿ ಏರಿಬರುವುದಿಲ್ಲ. ಶಾಂತಸಾಗರದ ಕಿರಿಬಾಟಿ ದೇಶದ ಪ್ರಜೆಯೊಬ್ಬರು ಇದೇ ಅಂಶದ ಮೇಲೆ ನ್ಯೂಜಿಲೆಂಡಿನಲ್ಲಿ ಆಶ್ರಯ ಕೋರಿ ಸೋತರು. 2015ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಕೂಡ ಅವರ ಕೋರಿಕೆಯನ್ನು ತಿರಸ್ಕರಿಸಿತು. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿಯ ನಿರ್ಧಾರ 2020ರ ಜನವರಿಯಲ್ಲಿ ಪ್ರಕಟವಾದಾಗ ಅಲ್ಲಿಯೂ ಅವರಿಗೆ ಗೆಲುವು ಸಿಗಲಿಲ್ಲ. ಆದರೆ ಹವಾಮಾನ ಬದಲಾವಣೆಯಿಂದ ಜೀವಕ್ಕೆ ಅಪಾಯವಿರುವೆಡೆಗೆ ಜನರನ್ನು ಮರಳಿ ಅಟ್ಟುವುದು ಮುಂದೆ ಕಾನೂನುಬಾಹಿರವಾಗಬಹುದು ಎಂಬ ಕಿಂಡಿಯನ್ನು ಸಮಿತಿ ತೆರೆದಿಟ್ಟಿತು.

ತರಗತಿಯಿಂದ ಶಾಂತಿ ಅರಮನೆಗೆ

ಈ ನಡುವೆ 2019ರಲ್ಲಿ ವನುವಾಟುವಿನಲ್ಲಿರುವ ದಕ್ಷಿಣ ಪೆಸಿಫಿಕ್ ವಿಶ್ವವಿದ್ಯಾಲಯದ ಕಾನೂನು ಶಾಲೆಯ 27 ವಿದ್ಯಾರ್ಥಿಗಳು ಒಂದು ಪ್ರಯತ್ನಕ್ಕೆ ಕೈಹಾಕಿದರು. ಹವಾಮಾನ ಬದಲಾವಣೆಯ ವಿಷಯದಲ್ಲಿ ದೇಶಗಳ ಕಾನೂನು ಹೊಣೆ ಏನೆಂದು ಹೇಗ್ ನ್ಯಾಯಾಲಯದಿಂದ ಸಲಹಾತ್ಮಕ ಅಭಿಪ್ರಾಯ ಕೇಳಬೇಕು ಎಂಬುದು ಅವರ ಬೇಡಿಕೆ. ಅವರಿಗೆ ಇದು ಪರೀಕ್ಷೆಯ ಪ್ರಶ್ನೆಯಾಗಿರಲಿಲ್ಲ, ಮನೆಯಂಗಳದ ಪ್ರಶ್ನೆಯಾಗಿತ್ತು. ಶಾಂತಸಾಗರದ ದ್ವೀಪದೇಶಗಳ ಸರಕಾರಗಳಿಗೆ ಅವರು ಪತ್ರ ಬರೆದರು. ವನುವಾಟು ಸರಕಾರ ಕೈಜೋಡಿಸಿತು. 2023ರ ಮಾರ್ಚ್ 29ರಂದು ವಿಶ್ವಸಂಸ್ಥೆಯ ಮಹಾಸಭೆ ಸರ್ವಾನುಮತದಿಂದ ಪ್ರಶ್ನೆಯನ್ನು ನ್ಯಾಯಾಲಯಕ್ಕೆ ಕಳುಹಿಸಿತು.

2024ರ ಡಿಸೆಂಬರ್‌ನಲ್ಲಿ ಹೇಗ್‌ನ ಶಾಂತಿ ಅರಮನೆಯಲ್ಲಿ ನಡೆದ ವಿಚಾರಣೆಯಲ್ಲಿ 96 ದೇಶಗಳು ಹಾಗೂ 11 ಅಂತಾರಾಷ್ಟ್ರೀಯ ಸಂಘಟನೆಗಳು ವಾದ ಮಂಡಿಸಿದವು. ಭಾರತವೂ ಅವುಗಳಲ್ಲೊಂದು, ಹೆಚ್ಚು ಮಾಲಿನ್ಯ ಮಾಡಿದ ಸಿರಿವಂತ ದೇಶಗಳೇ ಹೆಚ್ಚಿನ ಹೊರೆ ಹೊರಬೇಕೆಂಬುದು ಅದರ ನಿಲುವು. ಮರುವರ್ಷ ಜುಲೈನಲ್ಲಿ ನ್ಯಾಯಾಲಯ ಸರ್ವಾನುಮತದ ಅಭಿಪ್ರಾಯ ನೀಡಿತು. ಹವಾಮಾನವನ್ನು ರಕ್ಷಿಸುವುದು ದೇಶಗಳ ಕಾನೂನುಬದ್ಧ ಕರ್ತವ್ಯ, ಅದನ್ನು ಮುರಿದರೆ ಹೊಣೆಗಾರಿಕೆ ತಪ್ಪದು ಎಂಬುದು ಅದರ ತಿರುಳು.

ಅಲ್ಫರ್ನಾಕ್ಕೆ ಸಂಬಂಧಿಸಿದ ಮಾತುಗಳು ಇದೇ ದಾಖಲೆಯ ಒಳಪುಟಗಳಲ್ಲಿವೆ. ದೇಶವೊಂದು ಒಮ್ಮೆ ಸ್ಥಾಪನೆಯಾದ ಮೇಲೆ ಅದರ ಘಟಕಾಂಶಗಳಲ್ಲಿ ಒಂದು ಕಣ್ಮರೆಯಾದ ಮಾತ್ರಕ್ಕೆ ದೇಶತ್ವ ಅಗತ್ಯವಾಗಿ ನಷ್ಟವಾಗುವುದಿಲ್ಲ ಎಂದಿತು ನ್ಯಾಯಾಲಯ. ಸಮುದ್ರ ಏರಿತೆಂದು ದೇಶಗಳು ತಮ್ಮ ಕಡಲಗಡಿಯ ನಕ್ಷೆಗಳನ್ನು ಬದಲಿಸಬೇಕಾಗಿಲ್ಲ ಎಂದೂ ಹೇಳಿತು. ಜೀವದ ಹಕ್ಕಿಗೆ ಸರಿಪಡಿಸಲಾಗದ ಹಾನಿಯಾಗುವ ನೈಜ ಅಪಾಯವಿರುವಲ್ಲಿಗೆ ಜನರನ್ನು ಹಿಂದಕ್ಕೆ ಕಳುಹಿಸಬಾರದು ಎಂಬ ತತ್ವ ಇಂಥ ಸಂದರ್ಭಗಳಿಗೂ ಅನ್ವಯಿಸುತ್ತದೆ ಎಂದಿತು. 2013ರ ಸ್ಪರ್ಧೆಯ ವಾದಪತ್ರಗಳನ್ನು ಬರೆದವರಿಗೆ ಈ ಸಾಲುಗಳು ಚಿರಪರಿಚಿತವೆನಿಸಿದರೆ ಆಶ್ಚರ್ಯವಿಲ್ಲ. ಹಾಗೆಂದು ವಿದ್ಯಾರ್ಥಿಗಳ ವಾದವೇ ನ್ಯಾಯಾಲಯದ ಅಭಿಪ್ರಾಯಕ್ಕೆ ಕಾರಣವೆಂದು ಹೇಳಲಾಗದು. ವ್ಯಾಜ್ಯವನ್ನು ಹೆಣೆಯುವವರು ಕಾನೂನು ಇನ್ನೂ ಗಟ್ಟಿಯಾಗದ ಜಾಗವನ್ನೇ ಹುಡುಕಿ ಆರಿಸುತ್ತಾರೆ, ಅಷ್ಟೆ. ಉತ್ತರ ಮೊದಲೇ ಇದ್ದರೆ ಎರಡೂ ಕಡೆ ಸರಿಸಮನಾಗಿ ವಾದಿಸುವುದು ಸಾಧ್ಯವಾಗುವುದಿಲ್ಲ.

ಭಾರತಕ್ಕೇಕೆ ಬೇಕು?

ಹೇಗ್ ನ್ಯಾಯಾಲಯದ ಹಾದಿ ಭಾರತಕ್ಕೆ ಹಳೆಯದು. ಮಂಗಳೂರಿನಲ್ಲಿ ಜನಿಸಿದ, ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ಬೆನಗಲ್ ನರಸಿಂಗ ರಾವ್ 1952ರಲ್ಲಿ ಅಲ್ಲಿ ನ್ಯಾಯಮೂರ್ತಿಯಾಗಿ, ಮರುವರ್ಷ ನಿಧನರಾದರು. ದಾದ್ರಾ ಮತ್ತು ನಗರ ಹವೇಲಿ ಕೈತಪ್ಪಿದಾಗ ಅಲ್ಲಿಗೆ ದಾರಿ ಬಿಡಬೇಕೆಂದು ಪೋರ್ಚುಗಲ್ ಭಾರತವನ್ನು ಹೇಗ್‌ಗೆ ಎಳೆಯಿತು. ಜೆಸಪ್ ಸ್ಪರ್ಧೆ ಹುಟ್ಟಿದ 1960ರಲ್ಲೇ ಅದರ ತೀರ್ಪು ಬಂದಿತು. ಸೇನೆಗೆ, ಶಸ್ತ್ರಾಸ್ತ್ರಗಳಿಗೆ ದಾರಿಯ ಹಕ್ಕಿಲ್ಲ; ಭಾರತ ತನ್ನ ಕರ್ತವ್ಯ ಮೀರಿಲ್ಲ ಎಂದು ನ್ಯಾಯಾಲಯ ಹೇಳಿತು. ಇತ್ತೀಚಿನ ಉದಾಹರಣೆ ಕುಲಭೂಷಣ್ ಜಾಧವ್ ಪ್ರಕರಣ. ಪಾಕಿಸ್ತಾನದ ಸೇನಾ ನ್ಯಾಯಾಲಯ ಗಲ್ಲು ವಿಧಿಸಿದ್ದ ಜಾಧವ್ ಪರವಾಗಿ 2017ರ ಮೇ 8ರಂದು ಭಾರತ ಅರ್ಜಿ ಸಲ್ಲಿಸಿತು, ಹತ್ತೇ ದಿನದಲ್ಲಿ ತಡೆಯಾಜ್ಞೆ ದೊರೆಯಿತು. ಹರೀಶ್ ಸಾಳ್ವೆ ಒಂದು ರೂಪಾಯಿ ಶುಲ್ಕಕ್ಕೆ ವಾದಿಸಿದರು. 2019ರ ಜುಲೈ 17ರ ತೀರ್ಪು 15-1 ಬಹುಮತದಿಂದ ಭಾರತದ ಪರ ಬಂದಿತು. ಇಡೀ ಪ್ರಕರಣ ನಿಂತದ್ದು ರಾಯಭಾರ ಕಚೇರಿಯ ಅಧಿಕಾರಿಗಳು ಬಂಧಿತ ಪ್ರಜೆಯನ್ನು ಭೇಟಿಯಾಗುವ ಹಕ್ಕನ್ನು ಹೇಳುವ ವಿಯೆನ್ನಾ ಒಡಂಬಡಿಕೆಯ ಒಂದೇ ವಿಧಿಯ ಮೇಲೆ. ಇಂಥ ಕೆಲಸಕ್ಕೆ ಜನ ಬೇಕಾದಾಗ ಹತ್ತು ದಿನದಲ್ಲಿ ತಯಾರು ಮಾಡಲಾಗದು.

ಯಾರಿಗೆ ಬಾಗಿಲು?

ಭಾರತೀಯ ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳ ಪ್ರಕಾರ ಅಣಕು ನ್ಯಾಯಾಲಯ ಪಠ್ಯಕ್ರಮದ ಭಾಗ. ವರ್ಷಕ್ಕೆ ಮೂರು ವಾದ, ತಲಾ 10 ಅಂಕ. ನಿಯಮ ಎಲ್ಲ ಕಾಲೇಜಿಗೂ ಒಂದೇ. ಆದರೆ ಕೆಲವು ಕಡೆ ಆ 30 ಅಂಕಗಳಿಗಾಗಿ ರಾತ್ರಿಗಳನ್ನೇ ಹಗಲು ಮಾಡಲಾಗುತ್ತದೆ. ಕೆಲವು ಕಡೆ ಹಳೆಯ ದಾಖಲೆ ಪುಸ್ತಕವನ್ನು ಹೊಸ ಕೈಬರಹದಲ್ಲಿ ಇಳಿಸಿದರೆ ಕೆಲಸ ಮುಗಿಯಿತು. ಪ್ರಶಸ್ತಿ ಗೆಲ್ಲುವ ಶಾಲೆಗಳ ಹಿಂದೆ ಹಿರಿಯರು ಕಿರಿಯರಿಗೆ ಕಲಿಸಿಕೊಡುವ ಪರಿಪಾಠವಿದೆ. ಸಣ್ಣ ಊರಿನ ಕಾಲೇಜುಗಳಲ್ಲಿ ಕೊರತೆಯಿರುವುದು ಬುದ್ಧಿಯದ್ದಲ್ಲ, ಈ ಪರಿಪಾಠದ್ದು.

ಭಾಷೆಯ ತಡೆಯೂ ದೊಡ್ಡದು. ಹೇಗ್ ನ್ಯಾಯಾಲಯದ ಅಧಿಕೃತ ಭಾಷೆಗಳು ಇಂಗ್ಲಿಷ್ ಮತ್ತು ಫ್ರೆಂಚ್. ಕನ್ನಡದಲ್ಲಿ ಕಾನೂನು ಓದಿ, ಜಿಲ್ಲಾ ನ್ಯಾಯಾಲಯದಲ್ಲಿ ಕನ್ನಡದಲ್ಲೇ ಲೀಲಾಜಾಲವಾಗಿ ವಾದಿಸಬಲ್ಲ ಹುಡುಗ ಹುಡುಗಿಯರು ಇಂಗ್ಲಿಷ್ ಪೀಠದ ಎದುರು ತಡವರಿಸುತ್ತಾರೆ. ಸ್ಪರ್ಧೆಯ ಅಂಕಪಟ್ಟಿಗೆ ಕಾನೂನಿನ ತಿಳಿವಳಿಕೆಯನ್ನೂ ಉಚ್ಚಾರಣೆಯ ನಯವನ್ನೂ ಬೇರೆಬೇರೆಯಾಗಿ ತೂಗುವ ತಕ್ಕಡಿ ಇನ್ನೂ ಸಿಕ್ಕಿಲ್ಲ. ವಿಮಾನ, ವಸತಿ, ವೀಸಾಗಳ ವೆಚ್ಚ ಬೇರೆ. ಕೋವಿಡ್‌ನಿಂದಾಗಿ 2020ರ ವಾಷಿಂಗ್ಟನ್ ಸುತ್ತುಗಳು ರದ್ದಾಗಿ, 2021 ಮತ್ತು 2022ರಲ್ಲಿ ಸ್ಪರ್ಧೆ ಆನ್‌ಲೈನ್‌ನಲ್ಲಿ ನಡೆದಾಗ ಈ ಖರ್ಚು ತಾನಾಗಿ ತಪ್ಪಿತ್ತು. ಆಗ ಕಾಡಿದ್ದು ನೆಟ್‌ವರ್ಕ್ ಮಾತ್ರ. ಬಳಿಕ ಸ್ಪರ್ಧೆ ಮತ್ತೆ ವಾಷಿಂಗ್ಟನ್‌ಗೆ ಮರಳಿದೆ, ಖರ್ಚೂ ಮರಳಿದೆ.

ಒಂದು ಅನುಕೂಲ ಮಾತ್ರ ಈಗ ಎಲ್ಲರಿಗೂ ಸಮಾನ. ಹಿಂದೆ ದೊಡ್ಡ ಗ್ರಂಥಾಲಯಗಳಲ್ಲಷ್ಟೇ ಸಿಗುತ್ತಿದ್ದ ಹೇಗ್ ತೀರ್ಪುಗಳು, ದೇಶಗಳು ಸಲ್ಲಿಸಿದ ವಾದಪತ್ರಗಳು ಇಂದು ನ್ಯಾಯಾಲಯದ ಅಂತರ್ಜಾಲ ತಾಣದಲ್ಲಿ ಉಚಿತ. ಕಲಬುರಗಿಯಲ್ಲೋ ಕುಂದಾಪುರದಲ್ಲೋ ಕುಳಿತ ನಾಲ್ವರು ವಿದ್ಯಾರ್ಥಿಗಳು ಅಲ್ಫರ್ನಾದ ಹಳೆಯ ವ್ಯಾಜ್ಯವನ್ನು 2025ರ ಅಭಿಪ್ರಾಯದ ಬೆಳಕಿನಲ್ಲಿ ಮತ್ತೆ ವಾದಿಸಲು ಯಾರ ಅಪ್ಪಣೆಯೂ ಬೇಕಾಗಿಲ್ಲ. ಅರ್ಜಿದಾರರ ಪಕ್ಷ ಈಗ ಮೊದಲಿಗಿಂತ ಬಲವಾಗಿದೆ. ಆಸ್ಟ್ರೇಲಿಯಾ ಮತ್ತು ಟುವಾಲು ನಡುವೆ 2024ರಲ್ಲಿ ಜಾರಿಗೆ ಬಂದ ಒಪ್ಪಂದ, ಸಮುದ್ರ ಏರಿದರೂ ಟುವಾಲುವಿನ ದೇಶತ್ವ ಮುಂದುವರಿಯುತ್ತದೆ ಎಂದು ಬರೆದುಕೊಟ್ಟಿರುವುದೂ ಅವರ ಕೈಯಲ್ಲಿರುವ ದಾಖಲೆ. ಪ್ರತಿವಾದಿಯ ವಕೀಲರಿಗೂ ಹಿಡಿಯಲು ಒಂದು ಎಳೆ ಉಳಿದಿದೆ. ಸಲಹಾತ್ಮಕ ಅಭಿಪ್ರಾಯ ತೀರ್ಪಿನಂತೆ ಯಾರನ್ನೂ ಕಟ್ಟಿಹಾಕದು. ಅಲ್ಲದೆ ದೇಶತ್ವ ‘ಅಗತ್ಯವಾಗಿ’ ನಷ್ಟವಾಗುವುದಿಲ್ಲ ಎಂದಿದೆಯೇ ಹೊರತು ಎಂದಿಗೂ ನಷ್ಟವಾಗುವುದಿಲ್ಲ ಎಂದು ನ್ಯಾಯಾಲಯ ಹೇಳಿಲ್ಲ. ಪೀಠದ ಮೊದಲ ಪ್ರಶ್ನೆ ಎರಗುವುದು ಈ ಒಂದು ಪದದ ಮೇಲೆಯೇ.